ಅಮ್ಮಾಜಮ್ಮನ ಎಡಗಾಲು, ಕನಕಮ್ಮನ ಸೊಂಟನೋವು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಹುಣಸೆಗುಂಟೆಯ ಹೊಲಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಆ ಊರಿನಲ್ಲಿ ಯಾರಿಗೆ ಸೊಂಟ ಹಿಡಿದರೂ, ಬೆನ್ನು ಉಳುಕಿದರೂ ಮೊದಲು ಹೋಗುತ್ತಿದ್ದುದು ಅಮ್ಮಾಜಮ್ಮನ ಮನೆಗೆ. ಅಮ್ಮಾಜಮ್ಮ ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವಳು. ಹಾಗೆ ಹುಟ್ಟಿದವರು ಬೆನ್ನಿನ ಮೇಲೆ ಕಾಲಿಟ್ಟರೆ ಉಳುಕು ಬಿಡುತ್ತದೆ ಎಂಬುದು ಆ ಕಡೆಯವರ ನಂಬಿಕೆ. ಭಾನುವಾರ, ಮಂಗಳವಾರ ಬಿಸಿಲೇರುವ ಮುಂಚೆ ಜನ ಬಂದು ಅವಳ ಅಂಗಳದಲ್ಲಿ ಬೋರಲು ಮಲಗುವರು. ಅವಳು ಸೆರಗು ಸಿಕ್ಕಿಸಿಕೊಂಡು, ಗೋಡೆ ಹಿಡಿದು, ಎಡಗಾಲಿನ ಹಿಮ್ಮಡಿಯಿಂದ ಮೂರು ಸಲ ಒತ್ತಿ, "ಏಳಪ್ಪ, ಓಯ್ತು ನಿನ್ ನೋವು" ಅನ್ನುವಳು. ಎರಡು ಎಲೆ, ಒಂದು ಅಡಿಕೆ ಬಿಟ್ಟರೆ ಯಾರ ಕೈಯಿಂದಲೂ ಏನೂ ಮುಟ್ಟಿದವಳಲ್ಲ.

ಅಂಥವಳ ಮನೆಯೊಳಗೇ ಈಗ ಸೊಂಟನೋವು ಬಂದು ಕೂತಿತ್ತು.

ಸೊಸೆ ಕನಕಮ್ಮನಿಗೆ ಏಳು ತಿಂಗಳು, ಚೊಚ್ಚಲು. ಬೆಳಿಗ್ಗೆ ಚಾಪೆಯಿಂದ ಏಳಬೇಕಾದರೆ ಗೋಡೆ ಹಿಡಿಯುತ್ತಿದ್ದಳು. ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ ರಾಗಿ ಬೀಸಲು ಕೂತರೆ, ಎದ್ದು ನಿಲ್ಲುವಾಗ ಮುಖವೆಲ್ಲ ಕಿವುಚುತ್ತಿತ್ತು. ಬಾವಿಯಿಂದ ಬಿಂದಿಗೆ ಸೊಂಟಕ್ಕೇರಿಸಿಕೊಂಡು ಬರುವಾಗ ದಾರಿಯಲ್ಲಿ ಮೂರು ಕಡೆ ನಿಂತು ಬರುವಳು. ಆದರೂ ಬಾಯಿಬಿಟ್ಟು ಒಂದು ಮಾತಿಲ್ಲ.

ಅಮ್ಮಾಜಮ್ಮನಿಗೆ ಹೆಣ್ಣುಮಕ್ಕಳಿಲ್ಲ. ಸೊಸೆಯೆಂದರೆ ಜೀವ. ಅವಳ ನಡಿಗೆ ನೋಡಿ ನೋಡಿ ಒಂದು ದಿನ ಕೇಳಿಯೇಬಿಟ್ಟಳು.

"ಯಾಕಮ್ಮಿ, ಬಾತುಕೋಳಿ ನಡದಂಗೆ ನಡೀತೀಯ? ಸೊಂಟನೋವಾ?"

"ಊಂ ಅತ್ತೆ. ಒಂಚೂರು."

"ಊರೋರ್ ಸೊಂಟವೆಲ್ಲ ಸರಿ ಮಾಡಿದ ಮನೇಲಿ ಸೊಂಟನೋವಾ! ಇರು, ಮಂಗಳವಾರ ಬರ್ಲಿ. ಮೂರೇ ಮೂರು ಸಲ ಕಾಲಿಡ್ತೀನಿ, ನೀನು ಕುಣ್ಕೊಂಡ್ ಓಡಾಡ್ಬೇಕು, ಅಂಗೆ ಮಾಡ್ತೀನಿ."

ಆದರೆ ಬಸುರಿ ಬೋರಲು ಮಲಗುವುದು ಹೇಗೆ? ಅಮ್ಮಾಜಮ್ಮ ಅದಕ್ಕೂ ಯೋಚನೆ ಮಾಡಿದಳು. ಭಾನುವಾರ ಮಧ್ಯಾಹ್ನ ಗುದ್ದಲಿ ಹಿಡಿದು ಅಂಗಳದಲ್ಲಿ ಮಂಕರಿ ಬುಟ್ಟಿಯಷ್ಟು ಅಗಲದ ಒಂದು ಗುಂಡಿ ತೋಡಿದಳು. ಕಲ್ಲು ಚೂರುಗಳನ್ನೆಲ್ಲ ಆರಿಸಿ ತೆಗೆದು, ಮರಳು ಹಾಕಿ, ಅದರ ಮೇಲೆ ಹುಲ್ಲು ಹರಡಿ, ತನ್ನ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು. ಹೊಟ್ಟೆ ಗುಂಡಿಯೊಳಗೆ ಇಳಿದರೆ ಬೆನ್ನು ಮೇಲಕ್ಕೆ ಸಿಗುತ್ತದೆ ಎಂಬುದು ಅವಳ ಲೆಕ್ಕ.

ಪಕ್ಕದ ಮನೆ ಚಿಕ್ಕವೆಂಕಟಮ್ಮ ಗೋಡೆಯ ಮೇಲಿಂದ ಇಣುಕಿ ಕೇಳಿದಳು: "ಏನಕ್ಕಾ, ತೆಂಗಿನ ಸಸಿ ನೆಡ್ತೀಯಾ?"

"ಸಸಿಯಲ್ಲ ಕಣೇ, ನನ್ ಮೊಮ್ಮಗೂಗೆ ಆಸಿಗೆ."

ಮಗ ಕೋದಂಡಪ್ಪ ಗುಂಡಿ ನೋಡಿದ. ಬೇಡ ಅನ್ನಬೇಕೆನಿಸಿತು. ಅಮ್ಮನಿಗೆ ಎದುರು ಹೇಳುವ ಧೈರ್ಯ ಅವನಿಗೂ ಇಲ್ಲ, ಹೆಂಡತಿಗೂ ಇಲ್ಲ. ಅವನು ಚಿನ್ನದ ಗಣಿಯಲ್ಲಿ ನೆಲದ ಮೇಲ್ಗಡೆಯ ಕೂಲಿ ಕೆಲಸಕ್ಕೆ ದಿನಾ ರೈಲಿನಲ್ಲಿ ಹೋಗಿ ಬರುವವನು. ಸೋಮವಾರ ಜೊತೆಗಾರ ಪೆರುಮಾಳ್ ಹತ್ತಿರ ಹೇಳಿಕೊಂಡ. ಪೆರುಮಾಳ್ ಮೂರು ಮಕ್ಕಳ ತಂದೆ.

"ಅಯ್ಯೋ, ವೇಂಡಾಂಪ್ಪಾ, ಬೇಡ!" ಅಂದ ಪೆರುಮಾಳ್. "ನನ್ ಹೆಂಡ್ತಿಗೂ ಎರಡನೇ ಮಗೂಲಿ ಇದೇ ನೋವು. ಯಾರೂ ತುಳೀಲಿಲ್ಲ, ನರ್ಸಮ್ಮ ಹೇಳ್ದಂಗೆ ಕೇಳಿದ್ವಿ. ನೀನೂ ಹೋಗಿ ಕೇಳಪ್ಪಾ."

ಅವತ್ತು ಸಂಜೆ ಕೋದಂಡಪ್ಪ ತನ್ನೂರಿಗೆ ಇಳಿಯದೆ ಸೀದಾ ಬಂಗಾರಪೇಟೆಗೆ ಹೋಗಿ, ಹಳ್ಳಿಗಳನ್ನು ಸುತ್ತಿ ಬಸುರಿ ಬಾಣಂತಿಯರನ್ನು ನೋಡುತ್ತಿದ್ದ ನರ್ಸ್ ವೆಂಕಟರತ್ನಮ್ಮನ ಬಾಗಿಲು ತಟ್ಟಿದ.

ಮಂಗಳವಾರ ಬೆಳಿಗ್ಗೆ ಅಮ್ಮಾಜಮ್ಮ ಕಾಲು ತೊಳೆದು ಸಿದ್ಧಳಾದಳು. ಕನಕಮ್ಮ ಗುಂಡಿಯ ಪಕ್ಕ ಬಿಳಿಚಿಕೊಂಡು ನಿಂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಅಷ್ಟರಲ್ಲಿ ಕೊಡೆ ಮಡಚುತ್ತಾ ನರ್ಸಮ್ಮ ಒಳಗೆ ಬಂದಳು.

"ನಿಮ್ಮನ್ಯಾರು ಕರ್ಸಿದ್ದು?" ಅಮ್ಮಾಜಮ್ಮ ಕೇಳಿದಳು. ಕೋದಂಡಪ್ಪ ಸೂರು ನೋಡತೊಡಗಿದ. "ಲೇ ಕೋದಂಡ! ಊರಿಗೆಲ್ಲ ಆಗಿಬಂದ ಕಾಲು ನಿನ್ ಎಂಡ್ರಿಗೆ ಆಗಲ್ವೇನ್ಲಾ?"

ನರ್ಸಮ್ಮ ನಗಲಿಲ್ಲ. ಗುಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಹಾಸಿದ್ದ ಸೀರೆಯನ್ನು ಮುಟ್ಟಿ ನೋಡಿದಳು.

"ಇದನ್ನ ಯಾರು ತೋಡಿದ್ದು ಅಕ್ಕಯ್ಯಾ?"

"ನಾನೇ. ಯಾಕೆ?"

"ಹೆತ್ತ ತಾಯೂ ಇಷ್ಟು ಮೆತ್ತಗೆ ಮಾಡ್ತಿರ್ಲಿಲ್ಲ. ಪುಣ್ಯವಂತೆ ನಿಮ್ಮ ಸೊಸೆ."

ಅಮ್ಮಾಜಮ್ಮನ ಗಂಟಿಕ್ಕಿದ ಹುಬ್ಬು ಸಡಿಲವಾಯಿತು. "ಕೂತ್ಕೋ, ಮಜ್ಜಿಗೆ ಕುಡಿ" ಅಂದಳು.

"ಕುಡೀತೀನಿ. ಮೊದಲು ಒಂದು ಮಾತು. ನೋವು ಎಲ್ಲಿ?"

"ಸೊಂಟದಲ್ಲಿ."

"ನಿಮ್ಮನ್ನಲ್ಲ ಅಕ್ಕಯ್ಯಾ, ಅವಳನ್ನ ಕೇಳಿದ್ದು."

ಕನಕಮ್ಮ ಗಂಡನ ಕಡೆ ನೋಡಿದಳು. ಅವನು ಅರ್ಥ ಮಾಡಿಕೊಂಡು ಕೊಟ್ಟಿಗೆ ಹಿಂದಕ್ಕೆ ಹೋದ. ಆಮೇಲೆ ನೆಲ ನೋಡುತ್ತಾ ಹೇಳಿದಳು: "ಸೊಂಟದ ಕೆಳಗೆ, ಇಂದೆ ಎರಡೂ ಕಡೆ. ಅದಕ್ಕಿಂತ ಜಾಸ್ತಿ ಮುಂದೆ. ಒಟ್ಟೆ ಕೆಳಗೆ, ತೊಡೆ ಸೇರೋ ಕಡೆ. ಮಗ್ಗುಲು ಒರಳಿದ್ರೆ ಮೂಳೆ ಸೀಳ್ದಂಗಾಗುತ್ತೆ. ಒಂದು ಕಾಲ್ ಮೇಲೆ ನಿಂತ್ರೆ ಪ್ರಾಣ ಓದಂಗಾಗುತ್ತೆ."

ಅಮ್ಮಾಜಮ್ಮ ಬಾಯಿ ತೆರೆದು ನಿಂತಳು. "ಮುಂದೇನಾ? ನಂಗ್ಯಾಕಮ್ಮಿ ಯೋಳ್ಲಿಲ್ಲ?"

"ನೀವು ಸೊಂಟನೋವಾ ಅಂದ್ರಿ. ನಾನು ಊಂ ಅಂದೆ."

"ಅಂಗಾದ್ರೆ ನಾನು ಎಲ್ಲಿಗೆ ಕಾಲಿಡ್ತಿದ್ದೆ?"

ನರ್ಸಮ್ಮ ನಿಧಾನವಾಗಿ ಹೇಳಿದಳು: "ಇದು ಉಳುಕಲ್ಲ ಅಕ್ಕಯ್ಯಾ. ಮಗು ಹೊರಗೆ ಬರೋಕೆ ದಾರಿ ಬೇಕಲ್ಲ, ಅದಕ್ಕೆ ಮೈ ಈಗಿಂದಲೇ ಸೊಂಟದ ಕೀಲುಗಳನ್ನ ಸಡಿಲ ಮಾಡ್ಕೊಳ್ಳುತ್ತೆ. ಹೊಟ್ಟೆ ಭಾರ ಮುಂದಕ್ಕೆ ಎಳೆಯುತ್ತೆ, ಬೆನ್ನು ಹಿಂದಕ್ಕೆ ಬಾಗುತ್ತೆ. ನೋವು ಅದರಿಂದ. ಸಡಿಲವಾಗಿರೋ ಕೀಲಿನ ಮೇಲೆ ಆಳಿನ ಭಾರ ಬಿಟ್ಟರೆ ಏನಾಗ್ಬೇಡ? ಗುಂಡಿ ಎಷ್ಟೇ ಮೆತ್ತಗಿದ್ರೂ ಒಳಗಿನ ಕೂಸಿಗೂ ಅಪಾಯವೇ."

"ನಾವೆಲ್ಲ ಬೀಸೋಕಲ್ಲು ಇಡ್ಕೊಂಡೇ ಮಕ್ಕಳ್ನ ಎರಲಿಲ್ವಾ?" ಅಮ್ಮಾಜಮ್ಮ ಬಿಟ್ಟುಕೊಡಲಿಲ್ಲ.

"ನಿಮಗೆ ನೋವಿರಲಿಲ್ವಾ ಆಗ?"

ತುಂಬು ಬಸುರಿನಲ್ಲಿ ಕೊಟ್ಟಿಗೆಯ ಕಂಬ ತಬ್ಬಿಕೊಂಡು ಒಬ್ಬಳೇ ಅತ್ತಿದ್ದು ಅಮ್ಮಾಜಮ್ಮನ ನೆನಪಿಗೆ ಬಂತು. ಅದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

"ಇತ್ತಮ್ಮ," ಅಂದಳು ಸಣ್ಣ ದನಿಯಲ್ಲಿ. "ಯಾರ್ ಕೇಳೋರು?" ಆಮೇಲೆ ತಾನೇ ಬಗ್ಗಿ ಗುಂಡಿಯೊಳಗಿನ ಸೀರೆ ತೆಗೆದು ಧೂಳು ಕೊಡವಿದಳು. "ಯೋಳು, ಏನ್ ಮಾಡ್ಬೇಕು?"

ನರ್ಸಮ್ಮ ಆ ಸೀರೆಯನ್ನೇ ಇಸಿದುಕೊಂಡು ಸುತ್ತಿ ದಿಂಬಿನಂತೆ ಮಾಡಿದಳು. ಕನಕಮ್ಮನನ್ನು ಎಡಮಗ್ಗುಲಿಗೆ ಮಲಗಿಸಿ, ಎರಡು ಮೊಣಕಾಲುಗಳ ನಡುವೆ ಅದನ್ನಿಟ್ಟಳು. ಹೊಟ್ಟೆಯ ಕೆಳಗೆ ಇನ್ನೊಂದು ಬಟ್ಟೆಯ ಆಸರೆ ಕೊಟ್ಟಳು. ಮಗ್ಗುಲು ಬದಲಿಸುವಾಗ ಎರಡು ಮೊಣಕಾಲನ್ನೂ ಒಟ್ಟಿಗೆ ಜೋಡಿಸಿ ಹೊರಳುವುದನ್ನು, ಮೊದಲು ಪಕ್ಕಕ್ಕೆ ತಿರುಗಿ ಕೈಯೂರಿ ಏಳುವುದನ್ನು ಮಾಡಿಸಿ ತೋರಿಸಿದಳು.

"ಬಿಂದಿಗೆ ಸೊಂಟದ ಮೇಲೆ ಬೇಡವೇ ಬೇಡ. ಒಂದೇ ಕಡೆ ಭಾರ ಬಿದ್ದರೆ ಕೀಲು ಎಳೆಯುತ್ತೆ. ಬೀಸೋ ಕೆಲಸ ಬೇರೆಯವರು ನೋಡ್ಕೊಳ್ಳಿ. ಪಾವಡೆ ಹಾಕ್ಕೊಳ್ಳುವಾಗ ಒಂಟಿಕಾಲಲ್ಲಿ ನಿಲ್ಲಬೇಡ ತಲ್ಲಿ, ನನ್ ತಾಯಿ, ಜಗಲಿ ಮೇಲೆ ಕೂತು ಹಾಕ್ಕೋ. ಕೂತಾಗ ಬೆನ್ನಿಗೆ ಗೋಡೆ ಇರಲಿ. ಇಡೀ ದಿನ ಮಲಗಿರೋದೂ ಬೇಡ, ಸಣ್ಣ ಸಣ್ಣ ಹೆಜ್ಜೆ ಇಟ್ಟು ಓಡಾಡು, ನೋವಾದರೆ ಕೂತ್ಕೋ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಬೆನ್ನಿಗಿಟ್ಟರೆ ಹಾಯಾಗುತ್ತೆ. ಸುಡುವಷ್ಟು ಬೇಡ, ಹೊಟ್ಟೆಗೆ ಬೇಡ. ಅಂಗಡಿ ಮಾತ್ರೆ ಕೇಳದೆ ನುಂಗಬೇಡ."

"ನಂಗೇನೂ ಕೆಲ್ಸ ಇಲ್ವಾ ಅಂಗಾದ್ರೆ?" ಅಂದಳು ಅಮ್ಮಾಜಮ್ಮ.

"ದೊಡ್ಡ ಕೆಲಸ ನಿಮ್ಮದೇ. ಅಂಗೈಯಿಂದ ಬೆನ್ನನ್ನ ಮೆತ್ತಗೆ ಸವರಿ, ಒತ್ತಬೇಡಿ. ಮತ್ತೆ ದಿನಾ ಕೇಳಿ, ಎಲ್ಲಿ ನೋವು, ಹೆಂಗಿದೆ ಅಂತ. ಜ್ವರ, ಚಳಿ, ಉಚ್ಚೆ ಉರಿ ಬಂದರೆ, ರಕ್ತವೋ ನೀರೋ ಹೋದರೆ, ಹೊಟ್ಟೆ ಕಲ್ಲಿನ ಥರ ಬಿಗಿದು ನೋವು ಬಿಟ್ಟು ಬಿಟ್ಟು ಬಂದರೆ, ಕಾಲು ಮರಗಟ್ಟಿದರೆ, ಮಗು ಆಡೋದು ಕಮ್ಮಿಯಾದರೆ, ಅದು ಬೇರೆ ನೋವು. ಆಗ ಸವರ್ತಾ ಕೂರಬೇಡಿ, ಆಸ್ಪತ್ರೆಗೆ ಕರ್ಕೊಂಡು ಬನ್ನಿ."

ಮಾರನೇ ದಿನದಿಂದ ಕೆಲಸಕ್ಕೆ ಹೊರಡುವ ಮುಂಚೆ ಕೋದಂಡಪ್ಪನೇ ನೀರು ಹೊತ್ತ. ಬಾವಿಕಟ್ಟೆಯಲ್ಲಿ ಪಕ್ಕದ ಮನೆಯ ಚಿಕ್ಕವೆಂಕಟಪ್ಪ ಹಲ್ಲುಜ್ಜುತ್ತಾ ಕಿಸಕ್ಕೆಂದ. "ಏನ್ಲಾ ಕೋದಂಡ, ನಿಂಗೆಷ್ಟು ತಿಂಗಳು?"

"ಏಳು ತುಂಬ್ತು ಮಾವ. ಸುಸ್ತು. ಬಾ, ನೀನೊಂದು ಬಿಂದಿಗೆ ಒತ್ಕೋ."

ಬೀಸುವ ಕಲ್ಲಿನ ಮುಂದೆ ಅಮ್ಮಾಜಮ್ಮ ತಾನೇ ಕೂತಳು. ನೋವು ಪೂರ್ತಿ ಹೋಯಿತು ಅಂತಲ್ಲ. ಆದರೆ ಕನಕಮ್ಮ ರಾತ್ರಿ ನಿದ್ದೆ ಮಾಡಿದಳು, ಹಗಲು ನಕ್ಕಳು. ದಿನಾ ಸಂಜೆ ಅತ್ತೆ ಬೆನ್ನು ಸವರುತ್ತಾ ಕೇಳುವಳು. ಸೊಸೆ ಮೊದಮೊದಲು ಒಂದು ಮಾತು ಹೇಳುವಳು, ಆಮೇಲೆ ಎರಡು ಮಾತು.

ಮೂರು ವಾರ ಕಳೆದವು. ಒಂದು ಮಧ್ಯಾಹ್ನ ಕನಕಮ್ಮ ಬಿಸಿಲಲ್ಲಿ ಕೂತೂ ನಡುಗುತ್ತಿದ್ದಳು. ಮೈ ಮುಟ್ಟಿದರೆ ಕಾವು.

"ಎಲ್ಲಮ್ಮಿ ನೋವು?"

"ಇವತ್ತು ಮೇಲ್ಗಡೆ ಅತ್ತೆ. ಬಲಗಡೆ ಪಕ್ಕೆ ಕೆಳಗೆ." ದನಿ ತಗ್ಗಿಸಿದಳು. ಮತ್ತೆ ಹೇಳಿದಳು: "ಎರಡು ದಿನದಿಂದ ಉಚ್ಚೆ ಉರಿ. ಯೋಳೋಕೆ ನಾಚ್ಕೆ ಆಯ್ತು."

ಗೋಡೆಯಾಚೆಯಿಂದ ಚಿಕ್ಕವೆಂಕಟಮ್ಮ, "ಅದೇ ನೋವು ಕಣಕ್ಕಾ, ಅರಳೆಣ್ಣೆ ಅಚ್ಚು, ಬೆಳಗಾದ್ರೆ ಓಗುತ್ತೆ" ಅಂದಳು.

ನಲವತ್ತು ವರ್ಷ ಊರಿನ ಬೆನ್ನು ನೋಡಿದವಳು ಅಮ್ಮಾಜಮ್ಮ. ಅವಳ ಕಾಲಿಗೆ ಇದು ತಿಳಿಯುತ್ತಿರಲಿಲ್ಲ. ಕೇಳಿದ್ದರಿಂದ ಕಿವಿಗೆ ತಿಳಿದಿತ್ತು.

"ಇದು ಆ ನೋವಲ್ಲ ಕಣೇ. ಸೀನಪ್ಪನ ಬಂಡಿ ಕಟ್ಟೋಕೆ ಯೋಳು, ಓಡು!"

ಬಂಡಿಗೆ ಹುಲ್ಲು ಹಾಸಿ, ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮಾಜಮ್ಮ ಬಂಗಾರಪೇಟೆಯ ಆಸ್ಪತ್ರೆ ಸೇರಿದಳು. ಮೂತ್ರಕ್ಕೆ ನಂಜು ಏರಿದೆ ಎಂದು ಡಾಕ್ಟರಮ್ಮ ಔಷಧಿ ಶುರುಮಾಡಿದರು. ಐದು ದಿನ ಅಲ್ಲೇ ಇರಿಸಿಕೊಂಡರು. "ಇನ್ನೆರಡು ದಿನ ತಡಮಾಡಿದ್ದರೆ ತಿಂಗಳು ತುಂಬುವ ಮುಂಚೆಯೇ ಹೆರಿಗೆ ಆಗಿಬಿಡಬಹುದಿತ್ತು. ತಾಯಿಗೂ ಕಷ್ಟವಾಗುತ್ತಿತ್ತು" ಅಂದರು. ಅಮ್ಮಾಜಮ್ಮ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋಗಿ, ಅತ್ತು, ಮುಖ ತೊಳೆದುಕೊಂಡು ಒಳಗೆ ಬಂದಳು.

ತಿಂಗಳು ತುಂಬಿದ ಮೇಲೆ ಅದೇ ಆಸ್ಪತ್ರೆಯಲ್ಲಿ ಕನಕಮ್ಮನಿಗೆ ಹೆಣ್ಣು ಹುಟ್ಟಿತು. ನೋಡಲು ಅತ್ತೆ ಒಳಗೆ ಬಂದದ್ದೇ ತಡ, ಒಂದು ಕಾಲಕ್ಕೆ ಬಾಯಿಬಿಡದಿದ್ದ ಸೊಸೆ ಸಾಲುಮಂಚದ ಬಾಣಂತಿಯರೆಲ್ಲ ತಿರುಗಿ ನೋಡುವ ಹಾಗೆ ಶುರುಮಾಡಿದಳು: "ಅತ್ತೆ, ಇಲ್ಲಿ ನೋವು. ಇಲ್ಲೂ ನೋವು. ಕಾಲು ಸೆಳೀತದೆ, ಮಂಚ ಒತ್ತುತ್ತೆ, ಈ ಗಂಜಿ ಸಪ್ಪೆ, ನಿಮ್ ಮೊಮ್ಮಗಳು ಮಲಗಾಕೆ ಬಿಡಲ್ಲ!"

ಪಕ್ಕದ ಮಂಚದವಳು ನಕ್ಕಳು. "ಏನಮ್ಮಾ, ಅತ್ತೇನ ಇಂಗೆ ಗೋಳು ಉಯ್ಕೊಂತೀಯ?"

"ಉಯ್ಕೊಳ್ಳಿ ಬಿಡವ್ವ," ಅಂದಳು ಅಮ್ಮಾಜಮ್ಮ, ಮಗುವನ್ನು ಎದೆಗೊತ್ತಿ, ಸೊಸೆಯ ಮಂಚದ ಅಂಚಿಗೆ ಕೂತು. "ಯೋಳಮ್ಮಿ, ಇನ್ನೂ ಏನೇನಿದೆ ಎಲ್ಲಾ ಯೋಳು. ನಂಗೇನ್ ಆತುರ ಇಲ್ಲ."

ಅಕ್ಕಂದಿರೇ, ತಾಯಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಬಸುರಿ ಗೋಡೆ ಹಿಡಿದು ಏಳುತ್ತಿರಬಹುದು. ಬಸುರಿನಲ್ಲಿ ಸೊಂಟ, ಬೆನ್ನು, ಕೆಳಹೊಟ್ಟೆಯ ಕೀಲು ನೋಯುವುದು ಬಹಳ ಜನಕ್ಕೆ ಉಂಟು. ಆದರೆ ಸಹಿಸಿಕೊಂಡು ಸುಮ್ಮನಿರುವುದು ಅದಕ್ಕೆ ಔಷಧಿಯಲ್ಲ. ತುಳಿಸಬೇಡಿ, ಜೋರಾಗಿ ಒತ್ತಿಸಬೇಡಿ. ಅವಳ ಸೊಂಟದ ಬಿಂದಿಗೆಯನ್ನು ನೀವು ಇಳಿಸಿಕೊಳ್ಳಿ. ಗಂಡಸರೇ, ಬಾವಿಕಟ್ಟೆಯಲ್ಲಿ ನಗುವವರು ನಾಲ್ಕು ದಿನ ನಗಲಿ. ಜ್ವರ, ಉರಿ, ರಕ್ತ, ಬಿಟ್ಟು ಬಿಟ್ಟು ಬರುವ ನೋವು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಯ ದಾರಿ ಹಿಡಿಯಿರಿ. ಬಸುರಿಯಾದ ತಂಗೀ, ನಿನ್ನ ನೋವು ನಾಚುವ ಮಾತಲ್ಲ, ಬಾಯಿಬಿಟ್ಟು ಹೇಳು. ಮನೆಯವರೇ, ಈ ಹಾಳೆಯನ್ನು ಮಡಿಸಿಟ್ಟು ಈಗಲೇ ಎದ್ದು ಹೋಗಿ, ಅವಳ ಪಕ್ಕದಲ್ಲಿ ಕೂತು, ಎಲ್ಲಿ ನೋವು ಎಂದು ಕೇಳಿ. ಅವಳು ಹೇಳಿ ಮುಗಿಸುವ ತನಕ ಏಳಬೇಡಿ.