ಹಲ್ಲಿನ ಡಾಕ್ಟರೂ ಕತ್ತಲರಾಯನೂ

ವರ್ಷದ ಕೊನೆಯ ರಜೆಗೆ ಮೊಮ್ಮಕ್ಕಳು ಬರುತ್ತಾರೆಂದು ಉಡುಗೊರೆ ಕೊಳ್ಳಲು ಹೋದ ಹಲ್ಲಿನ ಡಾಕ್ಟರಿಗೆ ಅಂಗಡಿಯ ಬಾಗಿಲಲ್ಲೇ ತಮ್ಮ ಮುಖ ಎದುರಾಯಿತು. ಅದು ಕಾಫಿ ಕುಡಿಯುವ ಮಗ್ಗೊಂದರ ಮೇಲಿತ್ತು.

ಎಡಗಡೆಯ ಹುಬ್ಬು ಅರ್ಧ ಹಣೆಗೆ ಏರಿತ್ತು. ಮೂಗು ಗಿಣಿಯ ಕೊಕ್ಕಿನಂತೆ ಬಾಗಿತ್ತು. ಗಲ್ಲದಲ್ಲಿ ಬೆರಳಿಟ್ಟು ಒತ್ತಿದಂಥ ಕುಳಿ. ಹಿಂದೆ ಹಳದಿ ಆಕಾಶ, ಅದರ ತುಂಬ ಸಾಸಿವೆ ಕಾಳಿನಂಥ ಚುಕ್ಕೆಗಳು. ಹಳೇ ಕಾಲದ ಅಗ್ಗದ ಅಚ್ಚಿನಲ್ಲಿ ಕೆಂಪು ಬಣ್ಣ ಗೆರೆ ದಾಟಿ ಚೆಲ್ಲುತ್ತಿತ್ತಲ್ಲ, ಇಲ್ಲಿ ಅದನ್ನು ಬೇಕೆಂದೇ ಚೆಲ್ಲಿಸಿದ್ದರು. ತಲೆಯ ಮೇಲಿನ ಬಿಳಿ ಗುಳ್ಳೆಯಲ್ಲಿ ಮಾತು: ‘ದೀಪ ಆರಿಸಿ, ನಾನು ಬಂದೆ.’

ಡಾಕ್ಟರು ಮುಖ ತಿರುಗಿಸಿದರು. ಆ ಕಡೆ ದಿಂಬಿನ ಚೀಲದ ಮೇಲೆ ಅದೇ ಮುಖ. ಕಾಲುಚೀಲ, ಇಸ್ಪೀಟು ಕಟ್ಟು, ತಗಡಿನ ಡಬ್ಬಿ, ಬಿಚ್ಚಿಟ್ಟ ಕೊಡೆ, ಎಲ್ಲದರ ಮೇಲೂ ಕತ್ತಲರಾಯ.

“ಹಳೇ ಕಾಮಿಕ್ಸ್‌ದು ಸರ್,” ಎಂದಳು ಅಂಗಡಿಯ ಹುಡುಗಿ. “ಈ ಸಲ ಎಲ್ಲರೂ ಇದನ್ನೇ ಒಯ್ತಿದಾರೆ. ಮಗ್‌ಗೆ ಬಿಸಿ ಹಾಕಿದ್ರೆ ಅವನ ಕಣ್ಣು ಕೆಂಪಗಾಗುತ್ತೆ. ತೋರಿಸ್ಲಾ?”

“ಬೇಡಮ್ಮ, ನೋಡಿದೀನಿ,” ಎಂದರು ಡಾಕ್ಟರು. ಕೈ ತಾನಾಗೇ ಗಡ್ಡಕ್ಕೆ ಹೋಯಿತು. ಎದೆಯವರೆಗೆ ಇಳಿದ ಬಿಳಿ ಗಡ್ಡ ಅದು, ಹುಡುಗಿಗೆ ಗುರುತು ಸಿಗುವ ಮಾತೇ ಇರಲಿಲ್ಲ. ಆದರೂ ಕೈಗೆ ಸಿಕ್ಕ ಎರಡು ಬಣ್ಣದ ಪೆನ್ಸಿಲ್ ಡಬ್ಬಿ ಕಟ್ಟಿಸಿಕೊಂಡು, ಯಾರೋ ಅಟ್ಟಿಸಿಕೊಂಡು ಬಂದವರಂತೆ ಹೊರಗೆ ಬಂದರು.

ಆ ಮುಖವನ್ನು ಬರೆದವನು ಅವರ ಬಾಮೈದ, ಹೆಂಡತಿಯ ತಮ್ಮ. ಚಿತ್ರಕಲೆ ಕಲಿಯಲೆಂದು ಬಂದು ಇವರ ಮನೆಯಲ್ಲೇ ಇದ್ದ. ಮಕ್ಕಳ ವಾರಪತ್ರಿಕೆಯೊಂದು ಅವನ ಕಾಮಿಕ್ಸ್ ಹಾಕತೊಡಗಿದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಡಾಕ್ಟರೇ. ಎರಡನೇ ವಾರ ಖಳನಾಯಕ ಕತ್ತಲರಾಯ ಬಂದ. ಹೆಂಡತಿ ಪತ್ರಿಕೆ ಬಿಡಿಸಿದವಳು ಒಮ್ಮೆ ಚಿತ್ರ, ಒಮ್ಮೆ ಗಂಡ ಎಂದು ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಡಾಕ್ಟರೂ ನಕ್ಕರು.

ನಗು ಹೆಚ್ಚು ಕಾಲ ಉಳಿಯಲಿಲ್ಲ. ಡಾಕ್ಟರು ಆಗಷ್ಟೇ ಸ್ವಂತ ಕ್ಲಿನಿಕ್ ತೆರೆದಿದ್ದರು. ಒಂದು ದಿನ ಹಲ್ಲು ತೋರಿಸಲು ಬಂದ ಪುಟ್ಟ ಹುಡುಗಿ ಇವರ ಮುಖ ನೋಡಿದವಳೇ ಕುರ್ಚಿಯಿಂದ ಜಾರಿ ಅದರ ಅಡಿಗೆ ಸೇರಿಕೊಂಡಳು. “ಅಮ್ಮಾ, ಕತ್ತಲರಾಯ” ಎಂದು ಅತ್ತದ್ದು ಹೊರಗೆ ಕೂತವರಿಗೂ ಕೇಳಿತು. ಆಮೇಲೆ ಮಕ್ಕಳು ಬಾಗಿಲ ತನಕ ಬಂದು ಹಿಂದಕ್ಕೆ ಓಡುವುದು ಮಾಮೂಲಾಯಿತು. ತಾಯಂದಿರು ಪಕ್ಕದ ಬೀದಿಯ ಡಾಕ್ಟರನ್ನು ಹುಡುಕಿಕೊಂಡರು.

ಮುಖ ಬದಲಿಸು ಎಂದು ಡಾಕ್ಟರು ಕೇಳಿದರು. ಬಾಮೈದ ಪತ್ರಿಕೆಯವರನ್ನು ಕೇಳಿ ಬಂದು, “ಅವರು ಸುತರಾಂ ಒಪ್ಪಲ್ಲ ಭಾವ” ಎಂದು ಕೈ ಹಿಸುಕಿಕೊಂಡ.

“ನನ್ನ ಅನ್ನ ತಿಂದು ನನ್ನ ಹೊಟ್ಟೆ ಮೇಲೇ ಹೊಡೀತೀಯಲ್ಲ” ಎಂದುಬಿಟ್ಟರು ಡಾಕ್ಟರು.

ಬಾಮೈದ ಕುಂಚಗಳನ್ನು ಹಳೇ ಟವೆಲಿನಲ್ಲಿ ಸುತ್ತಿಕೊಂಡು ಹೊರಟುಹೋದ. ಡಾಕ್ಟರು ಗಡ್ಡ ಬಿಟ್ಟರು, ಮಕ್ಕಳು ಮೆಲ್ಲಗೆ ವಾಪಸು ಬಂದರು. ಕೆಲವು ವರ್ಷಗಳಲ್ಲಿ ಪತ್ರಿಕೆಯೂ ನಿಂತಿತು. ಭಾವ ಬಾಮೈದರ ನಡುವೆ ಮಾತು ಮಾತ್ರ ಮತ್ತೆ ಶುರುವಾಗಲಿಲ್ಲ. ತಮ್ಮನ ಫೋನ್ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಿದ್ದಳು. ಡಾಕ್ಟರು ಹಾಲ್‌ನಲ್ಲಿ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಮಾತಾಡಬಾರದೆಂದೇನಲ್ಲ, ಎಲ್ಲಿಂದ ಹಿಡಿಯುವುದೆಂದು ತಿಳಿಯುತ್ತಿರಲಿಲ್ಲ.

ಅಂಗಡಿಯಿಂದ ಬಂದ ವಾರವೇ, ಗಡ್ಡಕ್ಕೆ ಸೋಪು ಹಚ್ಚುವಾಗ, ಬಲದವಡೆಯ ಕೆಳಗೆ ಒಂದು ಗಂಟು ಬೆರಳಿಗೆ ತಾಗಿತು. ಜೀವಮಾನವಿಡೀ ಬೇರೆಯವರ ದವಡೆ ನೋಡಿದವರು. ಏನೆಲ್ಲ ಆಗಿರಬಹುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅದೇ ಕಷ್ಟವಾಗಿದ್ದು. ಆಸ್ಪತ್ರೆಯ ಸರ್ಜನ್ ಇವರಿಗಿಂತ ಬಹಳ ಚಿಕ್ಕವನು. ಗಂಟನ್ನು ಒತ್ತಿ ನೋಡಿ, “ತೆಗೆದು ಪರೀಕ್ಷೆಗೆ ಕಳಿಸೋಣ ಸರ್, ಆಮೇಲೆ ಮುಂದಿನ ಮಾತು” ಎಂದ. “ಗಡ್ಡ ಪೂರ್ತಿ ತೆಗೀಬೇಕಾಗುತ್ತೆ.”

“ಒಂದು ಕಡೆ ಮಾತ್ರ ತೆಗೆದ್ರೆ ಆಗಲ್ವಾ?” ಎಂದು ಡಾಕ್ಟರು ಕೇಳಿದರು.

ಪಕ್ಕದಲ್ಲಿದ್ದ ಹೆಂಡತಿ ಅವರನ್ನೇ ದಿಟ್ಟಿಸಿದಳು. “ಗಂಟಿಗೆ ಹೆದರಬೇಕಾದವರು ಗಡ್ಡಕ್ಕೆ ಹೆದರ್ತಿದೀರಲ್ರೀ.”

“ಊರ ತುಂಬ ಅವನ ಮಗ್ಗು, ಅವನ ಕೊಡೆ. ಈಗಲೇ ಬೋಳಿಸ್ಕೊಂಡು ಓಡಾಡಬೇಕಾ?”

“ಓಡಾಡೋಕೆ ನೀವು ಇರಬೇಕಲ್ಲ ಮೊದಲು,” ಎಂದಳು ಹೆಂಡತಿ. ಅವಳ ದನಿ ಒಡೆದದ್ದು ಕೇಳಿ ಡಾಕ್ಟರು ಸರ್ಜನ್ ಕಡೆ ತಿರುಗಿ ಆಗಲೆಂದು ತಲೆಯಾಡಿಸಿದರು.

ಗಡ್ಡ ತೆಗೆಸಿ ಕನ್ನಡಿ ನೋಡಿಕೊಂಡರೆ, ಕತ್ತಲರಾಯನಿಗೆ ವಯಸ್ಸಾಗಿತ್ತು, ಅಷ್ಟೇ. ಹುಬ್ಬು, ಮೂಗು, ಗಲ್ಲದ ಕುಳಿ, ಯಾವುದೂ ಎಲ್ಲೂ ಹೋಗಿರಲಿಲ್ಲ. ಕ್ಲಿನಿಕ್ಕಿನ ಮಾಸ್ಕ್ ಹಾಕಿಕೊಂಡೇ ಆಸ್ಪತ್ರೆಗೆ ಹೋದರು. ಮಂಚದ ಮೇಲೆ ಕೂರಿಸಿದ ಮೇಲೆ ನರ್ಸ್, “ಮಾಸ್ಕ್ ತೆಗೀರಿ ಸರ್, ಕೊಯ್ಯೋ ಜಾಗ ಗುರುತು ಹಾಕಬೇಕು” ಎಂದಳು. ತೆಗೆದರು. ನರ್ಸ್ ಕೈಯಲ್ಲಿ ಪೆನ್ನು ಹಿಡಿದು ಹಾಗೇ ನಿಂತಳು. ಆಮೇಲೆ “ಒಂದೇ ನಿಮಿಷ” ಎಂದು ಹೊರಗೆ ಹೋಗಿ ಹಿರಿಯ ನರ್ಸ್ ಒಬ್ಬರನ್ನು ಕರೆದುಕೊಂಡು ಬಂದಳು. ಹೋಯ್ತು ಮರ್ಯಾದೆ ಎಂದುಕೊಂಡರು ಡಾಕ್ಟರು.

“ತಪ್ಪು ತಿಳ್ಕೋಬೇಡಿ ಸರ್,” ಎಂದರು ಹಿರಿಯ ನರ್ಸ್. “ನಮ್ಮ ಟೀ ರೂಮಲ್ಲಿ ಒಂದು ಮಗ್ ಇದೆ. ನನಗೆ ನನ್ನ ತಂಗಿ ರಜೆಗೆ ಅಂತ ಕಳಿಸಿದ್ದು. ಅದರ ಮೇಲೆ...”

“ನಾನೇ,” ಎಂದರು ಡಾಕ್ಟರು. ಇನ್ನು ಮುಚ್ಚಿಡುವುದೇನು ಎನಿಸಿತ್ತು. “ಬರೆದವನು ನನ್ನ ಬಾಮೈದ. ನನ್ನ ನೋಡಿಯೇ ಬರೆದಿದ್ದು.”

ಹಿರಿಯ ನರ್ಸ್ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. “ಕಾಮಿಕ್ಸಲ್ಲಿ ನಿಮ್ಮನ್ನ ಒಮ್ಮೆ ಪೊಲೀಸರು ಹಿಡಿದಿದ್ರಲ್ಲ, ಆ ವಾರ ನನ್ನ ತಂಗಿ ಊಟ ಬಿಟ್ಟಿದ್ಲು ಸರ್.”

“ನನಗಾಗಿ ಊಟ ಬಿಟ್ಟಳಾ? ಕತ್ತಲರಾಯ ಕೆಟ್ಟವನಲ್ಲವಾ?”

“ಕೆಟ್ಟವನೇ. ಆದ್ರೆ ಪಾಪ, ಎಷ್ಟು ಕಷ್ಟಪಡ್ತಿದ್ದ. ವಾರ ವಾರ ಹೊಸ ಉಪಾಯ ಹೂಡೋದು, ಕೊನೇ ಚಿತ್ರದಲ್ಲಿ ಚರಂಡಿಗೆ ಬೀಳೋದು. ಆ ಹೀರೋನ ಯಾರು ಕೇಳ್ತಿದ್ರು? ನಾವಿಬ್ಬರೂ ಇವನು ತಪ್ಪಿಸ್ಕೊಳ್ಳಲಿ ಅಂತಿದ್ವಿ. ನೀವು ಓದಿಲ್ವಾ?”

ಓದಿರಲಿಲ್ಲ. ಮೊದಲ ಕೆಲವು ವಾರಗಳ ನಂತರ ಆ ಪತ್ರಿಕೆ ಮನೆಗೆ ಬರದ ಹಾಗೆ ನೋಡಿಕೊಂಡಿದ್ದರು. ಚರಂಡಿಯ ವಿಷಯ ಅವರಿಗೆ ಈಗಲೇ ಗೊತ್ತಾದದ್ದು. ಅವರಿಗೆ ನಗು ಬಂತು. ನಕ್ಕರೆ ಬಲದವಡೆ ಕುಣಿಯುತ್ತದೆ, ಗುರುತು ತಪ್ಪುತ್ತದೆ ಎಂದು ಚಿಕ್ಕ ನರ್ಸ್ ಗದರಿದಳು. ಅಂದು ಆಪರೇಷನ್ ಕೋಣೆಯವರೆಗೆ ಗಾಲಿಮಂಚ ತಳ್ಳಿದವರು, ಅರಿವಳಿಕೆ ಕೊಟ್ಟವರು, ಎಲ್ಲರೂ ಒಮ್ಮೆ ಬಗ್ಗಿ ನೋಡಿ ಹೋದರು. ಹೆದರಿಕೆ ಇತ್ತು, ಆದರೆ ಬಂದಾಗ ಇದ್ದಷ್ಟು ಇರಲಿಲ್ಲ.

ಹೊಲಿಗೆ ಬಿಚ್ಚಿಸಲು ಹೋದ ದಿನ ಸರ್ಜನ್ ತಾನೇ ಎದ್ದು ಬಾಗಿಲಿಗೆ ಬಂದ. ಕೂರಿಸುವ ತನಕವೂ ಕಾಯಲಿಲ್ಲ.

“ಏನೂ ಇಲ್ಲ ಸರ್. ಬರೀ ಕೊಬ್ಬಿನ ಗಂಟು. ಮತ್ತೆ ಬರೋದೂ ಬೇಡ.”

ಡಾಕ್ಟರು ಆ ಕೋಣೆಯಿಂದ ಹೇಗೆ ಹೊರಗೆ ಬಂದರೋ ಅವರಿಗೇ ನೆನಪಿಲ್ಲ. ಕ್ಯಾಂಟೀನಿನ ಬೆಂಚಿನ ಮೇಲೆ ಕೂತಾಗ ಹೊಟ್ಟೆ ಚುರುಗುಟ್ಟುತ್ತಿರುವುದು ತಿಳಿಯಿತು. ಬನ್ನಿನ ಮೇಲೆ ಬನ್ನು ತಿಂದರು. ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ತನ್ನ ಪಾಲಿನದನ್ನೂ ಅವರ ತಟ್ಟೆಗೆ ದೂಡಿ, ಮಗಳಿಗೆ ಫೋನ್ ಮಾಡಿ ಹೇಳಿದಳು. ಆಮೇಲೆ ಇನ್ನೊಂದು ನಂಬರ್ ಒತ್ತಿ ಎದ್ದು ದೂರ ಹೋಗತೊಡಗಿದಳು.

“ಅವನಿಗಾ?” ಎಂದರು ಡಾಕ್ಟರು. “ಇಲ್ಲೇ ಮಾತಾಡು. ಬೇಡ, ಕೊಡು ಇಲ್ಲಿ.”

ಹೆಂಡತಿ ಅನುಮಾನದಿಂದಲೇ ಫೋನ್ ಕೊಟ್ಟಳು.

“ನಾನು ಕಣೋ,” ಎಂದರು.

ಆ ಕಡೆಯಿಂದ ಮಾತು ಒಂದರ ಮೇಲೊಂದು ಬಿತ್ತು. “ಭಾವ, ದೇವರಾಣೆ ಮಗ್ ವಿಷಯ ನಂಗೆ ಗೊತ್ತಿರಲಿಲ್ಲ. ಪತ್ರಿಕೆಯವರ ಮಗ ಯಾವುದೋ ಕಂಪನಿಗೆ ಚಿತ್ರ ಕೊಟ್ಟುಬಿಟ್ಟಿದಾನೆ. ಅಂಗಡೀಲಿ ನೋಡಿದಾಗಿಂದ ನೀವು ಯಾವತ್ತು ಫೋನ್ ಮಾಡಿ ಉಗೀತೀರೋ ಅಂತ...”

“ಗಂಟು ಕೆಟ್ಟದ್ದಲ್ಲವಂತೆ.”

ಆ ಕಡೆ ಮೂಗು ಏರಿಸಿದ ಸದ್ದು. “ಅಕ್ಕ ದಿನಾ ಹೇಳ್ತಿದ್ಲು. ಬರೋಣ ಅಂದ್ರೆ... ಹೇಗೆ ಬರಲಿ?”

“ಬಸ್ಸಲ್ಲಿ ಬಾ, ರೈಲಲ್ಲಿ ಬಾ. ಮಕ್ಕಳೂ ಬರ್ತಿದಾರೆ ರಜೆಗೆ. ಬಾ ಮಾರಾಯ.”

ಬಂದ. ಹೋಗುವಾಗ ಹೆಗಲ ತನಕ ಕೂದಲಿದ್ದ ಹುಡುಗ ಬೋಳುತಲೆಯ ಮುದುಕನಾಗಿ, ಬರಿಗೈಯಲ್ಲಿ ಬಾಗಿಲಲ್ಲಿ ನಿಂತಿದ್ದ. ಆಗಾಗ ಒಂದು ಕೆನ್ನೆ ಒತ್ತಿಕೊಳ್ಳುತ್ತಿದ್ದ.

“ಏನಾದ್ರೂ ತರೋಣ ಅಂತ ಅಂಗಡಿಗೆ ಹೋದೆ ಭಾವ. ಎಲ್ಲಿ ನೋಡಿದ್ರೂ ನೀವೇ. ಏನಂತ ತರಲಿ?”

ಡಾಕ್ಟರ ಹೊಟ್ಟೆಯ ಆಳದಿಂದ ನಗು ಬಂತು. ಅದೇನೆಂದು ನೋಡಲು ಓಡಿ ಬಂದ ಮೊಮ್ಮಕ್ಕಳು ಚಿತ್ರ ಬರೆಯುವ ತಾತನನ್ನು ಆಮೇಲೆ ಬಿಡಲೇ ಇಲ್ಲ. ಹಿರಿಯವಳಿಗಂತೂ ಮನೆಯಲ್ಲೇ ಒಬ್ಬ ಕತ್ತಲರಾಯ ಸಿಕ್ಕಿದ್ದು ರಜೆಯ ದೊಡ್ಡ ಲಾಭ. ‘ದೀಪ ಆರಿಸಿ’ ಎಂದು ಹೇಳಿಸಿ ಹೇಳಿಸಿ ಅಜ್ಜನ ಗಂಟಲು ಕಟ್ಟಿಸಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳೇ ಕೇಳಿದಳು. “ತಾತ, ನಮ್ಮಜ್ಜನ್ನೇ ಯಾಕೆ ಕಳ್ಳ ಮಾಡಿದ್ರಿ?”

ದೊಡ್ಡವರೆಲ್ಲ ತಟ್ಟೆ ನೋಡಿಕೊಂಡರು. ಬಾಮೈದ ನೀರು ಕುಡಿದು ಲೋಟ ಇಟ್ಟ.

“ಇನ್ಯಾರ ಮುಖ ಇತ್ತಮ್ಮ ನನ್ನ ಹತ್ರ? ಊಟಕ್ಕೆ ಕೂತ್ರೆ ಎದುರಿಗೆ ಇವರೇ. ನಾನು ನಾಚಿಕೆಗೆ ಸಾಕು ಸಾಕು ಅಂತಿದ್ದೆ. ಇವರು ಬಾಯಿ ಬಿಡದೆ ನಿಮ್ಮಜ್ಜಿ ಕಡೆ ಹುಬ್ಬು ಎತ್ತೋರು, ಅವಳು ಇನ್ನೊಂದು ಸೌಟು ಹಾಕೋಳು. ಹೊಟ್ಟೆ ತುಂಬಿ ಕೋಣೆಗೆ ಹೋಗಿ ಬರೆಯೋಕೆ ಕೂತ್ರೆ ಕೈಗೆ ಆ ಹುಬ್ಬೇ ಬರ್ತಿತ್ತು. ಕಳ್ಳನಿಗೆ ಅಂತ ಬರೆದಿದ್ದಲ್ಲ. ಬೇರೆ ಮುಖ ಬರ್ತಾನೇ ಇರಲಿಲ್ಲ.”

ಡಾಕ್ಟರು ಅನ್ನ ಕಲೆಸುತ್ತಲೇ ಇದ್ದರು, ತುತ್ತು ಎತ್ತಲಿಲ್ಲ. ಕೊನೆಗೆ, “ಒಂದೇ ಕಡೆ ಅಗೀತಿದೀಯಲ್ಲ, ಆ ಹಲ್ಲು ಎಷ್ಟು ದಿನದಿಂದ ಹಾಗಿದೆ?” ಎಂದು ಕೇಳಿದರು.

“ಇರುತ್ತೆ ಬಿಡಿ ಭಾವ, ಹೋಗ್ತಾ ಬರ್ತಾ.”

“ಯಾರಿಗೂ ತೋರಿಸಿಲ್ವಾ?”

“ತೋರಿಸ್ತಿದ್ದೆ. ಯಾರ ಕೈಯೂ ಹಿಡಿಸಲಿಲ್ಲ.”

ಸಂಜೆ ಡಾಕ್ಟರು ರಜೆಯೆಂದು ಮುಚ್ಚಿದ್ದ ಕ್ಲಿನಿಕ್ ತೆರೆದರು. ಬಾಮೈದನನ್ನು ಕುರ್ಚಿಯಲ್ಲಿ ಒರಗಿಸಿ, ದೀಪ ಎಳೆದು, ಮರಗಟ್ಟುವ ಮದ್ದು ಚುಚ್ಚಿ, ಬಾಯಿಗೆ ಹತ್ತಿ ತುರುಕಿದರು. ದವಡೆ ಜೋಮು ಹಿಡಿಯುವ ತನಕ ಉಪಕರಣಗಳನ್ನು ಸುಮ್ಮನೆ ಅತ್ತಿತ್ತ ಜೋಡಿಸಿದರು. ಹಲ್ಲು ಕೊರೆಯುತ್ತ, ಹುಳುಕಿನ ಮೇಲೇ ಕಣ್ಣಿಟ್ಟು ಮಾತು ಶುರು ಮಾಡಿದರು.

“ಆವತ್ತು ಅನ್ನದ ಮಾತು ಆಡಿದೆನಲ್ಲ, ಆಡಬಾರದಿತ್ತು. ಆಡಿದ ಗಳಿಗೇಲೇ ಗೊತ್ತಾಯ್ತು. ಬಾಗಿಲ ತನಕ ಬಂದೆ ಕೂಡ. ನೀನು ಅಷ್ಟರಲ್ಲಿ ತಿರುವು ದಾಟಿಬಿಟ್ಟಿದ್ದೆ.”

“ಆಂ...” ಎಂದ ಬಾಮೈದ. ಎದ್ದು ಕೂರಲು ನೋಡಿದ.

“ಅಲ್ಲಾಡಬೇಡ. ಕೊರೆಯೋ ಸೂಜಿ ಒಳಗಿದೆ.” ಡಾಕ್ಟರು ಅವನ ಹಣೆಯ ಮೇಲೆ ಮೊಣಕೈ ಊರಿ ಹಿಡಿದರು. “ಕ್ಲಿನಿಕ್ ಮುಳುಗುತ್ತೆ ಅಂತ ಭಯ ಇತ್ತು ನೋಡು, ಅದಕ್ಕೆ. ನಿನ್ನ ಮೇಲಿನ ಕೋಪ ಆಗಿರಲಿಲ್ಲ. ಕೋಪ ಆಗಿದ್ರೆ ಎಂದೋ ಇಳಿದುಹೋಗ್ತಿತ್ತು.”

ಬಾಮೈದನ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು.

“ನೋವಾಯ್ತಾ?”

ಇಲ್ಲವೆಂದು ತಲೆಯಾಡಿಸಲು ಹೋಗಿ, ಅಲ್ಲಾಡಬಾರದೆಂದು ನೆನಪಾಗಿ, ಬಾಮೈದ ಡಾಕ್ಟರ ಅಂಗಿಯ ತೋಳನ್ನು ಹಿಡಿದುಕೊಂಡ. ಡಾಕ್ಟರು ತೋಳು ಬಿಡಿಸಿಕೊಳ್ಳದೆ ಇನ್ನೊಂದು ಕೈಯಲ್ಲಿ ಸಿಮೆಂಟು ತುಂಬಿದರು, ಒತ್ತಿದರು, ನಯ ಮಾಡಿದರು. ಬಾಯಿಯಿಂದ ಹತ್ತಿ ತೆಗೆದು, “ಕಚ್ಚು” ಎಂದರು.

ಬಾಮೈದ ಕಚ್ಚಿದ. ನಾಲಗೆಯಿಂದ ಹಲ್ಲನ್ನು ಸವರಿ ನೋಡಿದ.

“ತುಂಬಿದ್ದು ಎತ್ತರ ಅನ್ನಿಸ್ತಿದೆಯಾ?”

“ಗೊತ್ತಾಗ್ತಿಲ್ಲ ಭಾವ. ಅರ್ಧ ಬಾಯೇ ಇಲ್ಲ.”

“ನಾಳೆ ಗೊತ್ತಾಗುತ್ತೆ. ರಜೆ ಮುಗಿಯೋ ತನಕ ಇರ್ತೀಯಲ್ಲ, ಮತ್ತೆ ನೋಡ್ತೀನಿ,” ಎಂದು ಡಾಕ್ಟರು ಕೈ ತೊಳೆಯಲು ಎದ್ದರು.