ಬೆನಕಪ್ಪ ಬರೆದ ಹೋರಿ

ತರೀಕೆರೆಯಲ್ಲಿ ಹಳೆಯ ಚಿತ್ರಗಳ ಅಂಗಡಿ ಇಟ್ಟಿರುವ ಪ್ರದ್ಯುಮ್ನ, ಕಡೂರಿನ ಗೆಳೆಯ ಓಂಕಾರಮೂರ್ತಿಯ ಮನೆಗೆ ಬಂದವನೇ ಬಟ್ಟೆಯ ಗಂಟು ಬಿಚ್ಚಿದ. ಒಳಗಿದ್ದವು ಅಮೃತಮಹಲ್ ಹೋರಿಗಳ ಮಸಿಚಿತ್ರಗಳು. ಬರೆದವನು ಅಜ್ಜಂಪುರದ ಬೆನಕಪ್ಪ. ದನ ಕಾಯುತ್ತಲೇ ಆಯುಷ್ಯ ಕಳೆದವನು, ಬದುಕಿದ್ದಾಗ ಒಂದು ಚಿತ್ರವನ್ನೂ ಮಾರಲಿಲ್ಲ. ಮಗಳು ಕರಿಯಮ್ಮ ಅವನ್ನೀಗ ಮಾರಿಕೊಡಲು ಪ್ರದ್ಯುಮ್ನನ ಕೈಗೆ ಒಪ್ಪಿಸಿದ್ದಳು.

ಓಂಕಾರಮೂರ್ತಿ ನಿವೃತ್ತ ಪಶುವೈದ್ಯ. ದನಕರುಗಳ ಚಿತ್ರ ಕೂಡಿಸುವುದೇ ಅವನ ಹುಚ್ಚು. ಹಾಳೆಗಳನ್ನು ತಿರುವುತ್ತ ಹೋಗಿ ಒಂದರ ಮೇಲೆ ಕೈಯಿಟ್ಟ. ಮಂಡಿಯೂರಿ, ಹಿಂಗಾಲೆತ್ತಿ ಮೇಲೇಳುತ್ತಿದ್ದ ಹೋರಿ.

"ಇದೊಂದು ಸಾಕು ಕಣೋ. ಉಳಿದಿದ್ದು ಬರೀ ಗೊರಸು, ಕಾಲು. ಯಾರು ನೋಡ್ತಾರೆ?"

"ಬಿಡಿಯಾಗಿ ಕೊಡಲ್ಲ. ಎಲ್ಲಾ ಒಂದೇ ಮನೇಲಿರ್ಬೇಕು ಅಂದವ್ಳೆ ಕರಿಯಮ್ಮ. ಆಗ್ಲಿ ಅಂದಿದೀನಿ."

"ನನ್ ಹತ್ರಾನೂ ಹಟಾನಾ?"

"ನಿನ್ ಹತ್ರಾನೂ."

ಓಂಕಾರಮೂರ್ತಿ ಮುಖ ತಿರುಗಿಸಿದ. ಪ್ರದ್ಯುಮ್ನ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ.

ಮರುದಿನ ರೆಸಾರ್ಟಿನವನೊಬ್ಬ ಅಂಗಡಿಗೆ ಬಂದು ಅದೇ ಚಿತ್ರ ಕೇಳಿದ. ಅವನಿಗೂ ಅದೇ ಉತ್ತರ.

"ಓಂಕಾರಣ್ಣನ ಸ್ನೇಹ ಕೆಟ್ಟೋದ್ರೆ?" ಹೆಂಡತಿ ಬೃಂದಾ ಕೇಳಿದಳು.

"ಕೆಡಲ್ಲ. ಕೆಟ್ರೂ ಕೊಟ್ಟ ಮಾತು ಬಿಡಕ್ಕಾಗಲ್ಲ. ಯಾರೂ ತಗೊಳ್ದಿದ್ರೆ ಕರಿಯಮ್ಮಂಗೇ ವಾಪಸ್ ಕೊಡ್ತೀನಿ."

ವಾರ ಕಳೆಯುವಷ್ಟರಲ್ಲಿ ಓಂಕಾರಮೂರ್ತಿಯೇ ಅಂಗಡಿಗೆ ಬಂದ.

"ಆ ಗೊರಸಿನ ಚಿತ್ರ ಇನ್ನೊಂದ್ಸಲ ತೋರ್ಸು. ಬಾವು ಇದ್ದಂಗಿತ್ತು. ಅದೇ ತಲೇಲಿ ಕೂತ್ಬಿಟ್ಟಿದೆ."

ಇಬ್ಬರೂ ಹಾಳೆಗಳನ್ನು ನೆಲದ ಮೇಲೆ ಹರಡಿದರು. ಓಂಕಾರಮೂರ್ತಿ ಬಗ್ಗಿ ಕೂತು ಅವುಗಳ ಜಾಗ ಬದಲಿಸತೊಡಗಿದ. ಊದಿದ ಕಾಲು, ನೆಲ ಹಿಡಿದ ಹೋರಿ, ಸೊಪ್ಪು ಕಟ್ಟಿದ ಪಟ್ಟಿ, ಇಳಿಯುತ್ತ ಬಂದ ಬಾವು. ಕೊನೆಗೆ, ಮೇಲೇಳುತ್ತಿರುವ ಹೋರಿ.

"ಎಲ್ಲಾ ಒಂದೇ ಹೋರಿ ಕಣೋ," ಎಂದ ಮೆಲ್ಲಗೆ. "ಪಕ್ಕದಲ್ಲೇ ಕೂತು, ಅದು ಏಳೋವರ್ಗೂ ಬರ್ದವ್ನೆ."

ಇದು ಪ್ರದ್ಯುಮ್ನನಿಗೂ ಗೊತ್ತಿರಲಿಲ್ಲ. ಅವನು ಮಾತು ಉಳಿಸಿಕೊಂಡಿದ್ದನಷ್ಟೆ. ಅವನೂ ಬಗ್ಗಿ ಹಾಳೆಗಳನ್ನು ಮೊದಲಿನಿಂದ ಒಂದೊಂದಾಗಿ ನೋಡಿದ.

"ಎಲ್ಲಾ ಕೊಡು," ಎಂದ ಓಂಕಾರಮೂರ್ತಿ.

"ಮುಂದೆ ನಿನ್ ಮಕ್ಳು ಹಂಚ್ಕೊಂಡ್ರೆ?"

"ಹಂಚಲ್ಲ. ನಾನೇ ಉಯಿಲು ಬರ್ದಿಟ್ಟು ಹೋಗ್ತೀನಿ."

ಆಗಲೇ ಪ್ರದ್ಯುಮ್ನ ಹಾಳೆಗಳನ್ನು ಒಟ್ಟುಮಾಡಿದ್ದು. ಅಂದೇ ಮಧ್ಯಾಹ್ನ ಗೆಳೆಯನನ್ನು ಅಜ್ಜಂಪುರಕ್ಕೆ ಕರೆದೊಯ್ದು ಕರಿಯಮ್ಮನ ಮುಂದೆ ನಿಲ್ಲಿಸಿದ.

ಅವಳು ಓಂಕಾರಮೂರ್ತಿಯನ್ನು ಒಂದು ಗಳಿಗೆ ನೋಡಿದಳು.

"ನಿಮ್ ಗೋಡೆಗೆ ಬಿಸ್ಲು ಬೀಳಲ್ಲ ತಾನೆ?"

"ಇಲ್ಲಮ್ಮ."

"ಹಂಗಾದ್ರೆ ತಗೊಂಡೋಗಿ."