ಆರ್ವಿಲ್‌ನ ಬಂದೂಕು

ಲೂಯಿಸ್‌ಟೌನಿನ ಬಂದೂಕು ಮೇಳದಲ್ಲಿ ಸ್ಟ್ರೋಮ್‌ನ ಮೇಜಿಗೆ ಯಾವಾಗಲೂ ಜನ ಮುತ್ತಿರುತ್ತಾರೆ. ಸನ್ನೆ ಎಳೆದು ಗುಂಡು ತುಂಬುವ ಹಳೆಯ ಲಿವರ್ ರೈಫಲ್ಲುಗಳಲ್ಲಿ ಯಾವುದು ನಿಜಕ್ಕೂ ಅಪರೂಪದ್ದು, ಯಾವುದು ಮನೆಯಲ್ಲಿ ಕೆರೆದು ಕೂರಿಸಿದ ಮೋಸ ಎಂದು ಅವನು ಹೇಳಿಬಿಟ್ಟರೆ ಮುಗಿಯಿತು, ಇಡೀ ಮೊಂಟಾನಾ ರಾಜ್ಯದಲ್ಲಿ ಅದಕ್ಕೆ ಎದುರು ಮಾತಿಲ್ಲ. ಡಾಸನ್‌ನ ತಾತ ಆರ್ವಿಲ್ ವರ್ಷವರ್ಷವೂ ನಗೆಪಾಟಲಾದದ್ದು ಇದೇ ಮೇಜಿನ ಮುಂದೆ.

ಆರ್ವಿಲ್‌ನ ಬಂದೂಕಿನ ನಳಿಗೆ ಅರ್ಧದವರೆಗೆ ಎಂಟು ಮುಖ, ಅಲ್ಲಿಂದ ಮುಂದಕ್ಕೆ ದುಂಡು. ತನ್ನಪ್ಪ ಕಾರ್ಖಾನೆಗೆ ಹೇಳಿ ಮಾಡಿಸಿದ್ದು ಎನ್ನುತ್ತಿದ್ದ. ಆ ಮಾದರಿಯ ಗಿಡ್ಡ ಬಂದೂಕಿಗೆ ಅಂಥ ನಳಿಗೆಯನ್ನು ಯಾರೂ ಕಂಡಿರಲಿಲ್ಲ. ದನ ಮೇಯಿಸುವವನು ಚಳಿಗಾಲದಲ್ಲಿ ಹೊತ್ತು ಹೋಗದೆ ಅರ ಹಿಡಿದು ಉಜ್ಜಿರಬೇಕು ಎಂದು ಎಲ್ಲರೂ ನಕ್ಕರು. ಸುಳ್ಳುಗಾರ ಎನ್ನಿಸಿಕೊಂಡೇ ಆರ್ವಿಲ್ ಈ ಚಳಿಗಾಲದಲ್ಲಿ ಸತ್ತ.

ಅವನಿಗೆ ಅಂಟಿದ ಆ ಹೆಸರನ್ನು ಕಳೆಯಲೆಂದೇ ಡಾಸನ್ ಬಂದಿದ್ದ. ಸುತ್ತಿದ್ದ ಬಟ್ಟೆ ಬಿಚ್ಚಿ ಬಂದೂಕನ್ನು ಮೇಜಿನ ಮೇಲಿಟ್ಟ. ಅದು ಕನ್ನಡಿಯಂತೆ ಹೊಳೆಯಿತು.

ಸ್ಟ್ರೋಮ್ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟ. ಭೂತಗನ್ನಡಿ ಹಿಡಿದು ಎಂಟು ಮುಖ ದುಂಡಾಗುವ ಜಾಗವನ್ನು ಬಹಳ ಹೊತ್ತು ನೋಡಿದ.

"ಯಾರಪ್ಪ ಇದನ್ನ ಉಜ್ಜಿದ್ದು?"

"ನಾನೇ. ಕಂದುಗಟ್ಟಿ ಹೋಗಿತ್ತು. ಹೋದ ವಾರ ಮರಳುಕಾಗದದಲ್ಲಿ ತಿಕ್ಕಿ, ಆಮೇಲೆ ಹೊಳಪು ಕೊಡೋ ಚಕ್ರಕ್ಕೆ ಹಿಡ್ದೆ. ನಿಮ್ಮ ಮುಂದೆ ಇಡೋದಲ್ವಾ, ಚೆನ್ನಾಗಿ ಕಾಣ್ಲಿ ಅಂತ."

ಪಕ್ಕದವನೊಬ್ಬ ಅಯ್ಯೋ ಎಂದು ನಕ್ಕ. ಸ್ಟ್ರೋಮ್ ಮಾತ್ರ ನಗಲಿಲ್ಲ. "ಅಳತೆ ಎಲ್ಲಾ ಸರಿಯಾಗೇ ಇದೆ ಮರಿ. ನಿಮ್ಮ ತಾತ ಹೇಳಿದ್ದು ನಿಜಾನೇ ಇರಬಹುದು. ಆದ್ರೆ ಕಾರ್ಖಾನೆ ಯಂತ್ರದ ಗೀರು ಒಂದು ಥರ, ಕೈ ಅರದ ಗೀರು ಇನ್ನೊಂದು ಥರ. ಆ ಗೀರು, ಅದರ ಮೇಲಿನ ಹಳೇ ಕಂದು, ಅದೇ ಸಾಕ್ಷಿ. ಅದನ್ನೇ ತಿಕ್ಕಿ ತೆಗೆದಿದ್ದೀಯ. ಇನ್ನು ಯಾರಿಂದಲೂ ಹೇಳೋಕಾಗಲ್ಲ."

ಡಾಸನ್ ತನ್ನ ಕೈ ನೋಡಿಕೊಂಡ. ಅಂಗೈಯಲ್ಲಿ ಚಕ್ರದ ಗುಳ್ಳೆಗಳು ಇನ್ನೂ ಮಾಸಿರಲಿಲ್ಲ.

"ತಾತ ವರ್ಷಾ ವರ್ಷಾ ತರ್ತಿದ್ರಲ್ಲ. ಆಗ ಎಲ್ಲಾ ಇತ್ತಲ್ಲ ಇದರ ಮೇಲೆ. ಆಗ ಏನು ಕಂಡ್ರಿ?"

ಸ್ಟ್ರೋಮ್ ಕನ್ನಡಕ ತೆಗೆದು ಅಂಗಿಗೆ ಒರೆಸಿದ. "ಕೈಗೆ ತಗೊಂಡಿರ್ಲಿಲ್ಲ."

"ಒಂದು ಸಲಾನೂ?"

"ಎಲ್ಲರೂ ನಗ್ತಿದ್ರು. ನೋಡೋದೇನಿದೆ ಅಂದ್ಕೊಂಡೆ."

"ನಾನು ಉಜ್ಜಿದ್ದು ತಿಳೀದೆ," ಎಂದ ಡಾಸನ್. ಅಲ್ಲಿಯವರೆಗೆ ಇದ್ದ ಬಹುವಚನ ಅವನ ಬಾಯಿಂದ ಬಿದ್ದುಹೋಯಿತು. "ಎಲ್ಲಿ ನೋಡ್ಬೇಕು ಅಂತ ನಿನಗೆ ತಿಳಿದಿತ್ತಲ್ಲೋ."

ಅವನು ಬಂದೂಕನ್ನು ಬಟ್ಟೆಯಲ್ಲಿ ಸುತ್ತದೆ ಹಾಗೆಯೇ ಹೆಗಲಿಗೇರಿಸಿ ಹೊರಟ. ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹೆಂಗಸು ಕಣ್ಣರಳಿಸಿದಳು.

"ಎಷ್ಟು ಚೆನ್ನಾಗಿದೆ. ಹೊಸದಾ?"

"ಹೂಂ," ಎಂದ ಡಾಸನ್. "ಹೋದ ವಾರ ಮಾಡಿದ್ದು."